ಯಾರ ಬಾಗಿಲು ಬಡಿಯಬೇಕು?

ಅಕ್ಕೋರ ಬಲಗೈ ಹೆಬ್ಬೆರಳಿಗೆ ಸದಾ ಒಂದು ರಬ್ಬರಿನ ಟೋಪಿ ಇರುತ್ತಿತ್ತು. ಬ್ಯಾಂಕಿನವರು ನೋಟು ಎಣಿಸುವಾಗ ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಸಣ್ಣ ಗುಳ್ಳೆ ಎದ್ದಂತಿರುವಂಥದ್ದು. ಕಾಲೇಜಿನ ಲೈಬ್ರರಿಯಲ್ಲಿ ಪುಟ ತಿರುವಲು ಹಾಕಿಕೊಂಡದ್ದು ನಿವೃತ್ತಿಯಾದ ಮೇಲೂ ಬೆರಳು ಬಿಟ್ಟಿರಲಿಲ್ಲ. ಬೆಳ್ಳುಳ್ಳಿ ಸುಲಿಯುವಾಗಲೂ ಅದೇ, ಫೋನು ಒತ್ತುವಾಗಲೂ ಅದೇ. ರಬ್ಬರಿಗೆ ಫೋನಿನ ಪರದೆ ಕದಲುತ್ತಿರಲಿಲ್ಲ. "ಭಾಳ ಹಟಮಾರಿ ಐತಿ ನೋಡಿದು" ಎಂದು ಫೋನನ್ನೇ ಬೈಯುವರು. ಟೋಪಿ ತೆಗೀರಿ ಅಕ್ಕೋರೆ ಎಂದರೆ, "ಅಯ್ಯ, ಹಾಕ್ಕೊಂಡೀನಂತ ನನಗೇನ ಗೊತ್ತು!" ಎಂದು ನಗುವರು.

ದಾಂಡೇಲಿಯಲ್ಲಿ ಎಲ್ಲರಿಗೂ ಅವರು ಲೈಬ್ರರಿ ಅಕ್ಕೋರು. ಧಾರವಾಡದ ಕಡೆಯವರು, ಗಂಡನಿಗೆ ಪೇಪರ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಬಂದು ಇಲ್ಲಿಯೇ ಉಳಿದವರು. ನಾನು ಹಳಿಯಾಳದ ಆಚೆಯ ಹಳ್ಳಿಯ ಸಿದ್ದಿ ಹುಡುಗಿ; ನಮ್ಮ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು, ನಮ್ಮ ಮೈಬಣ್ಣ ಕಡುಕಪ್ಪು. ಕಾಲೇಜಿಗೆ ಸೇರಿದ ಹೊಸತರಲ್ಲಿ ಲೈಬ್ರರಿಯ ಹೊಸ್ತಿಲ ಮೇಲೆ ಸುಮ್ಮನೆ ನಿಂತಿದ್ದೆ. "ಏನ ಬೇಕವಾ?" ಎಂದರು. ಪುಸ್ತಕ ಬೇಕ್ರಿ ಎಂದೆ. "ಅದು ನನಗೂ ಗೊತ್ತು. ಇಲ್ಲಿ ಮಸಾಲಿ ದ್ವಾಸಿ ಸಿಗೂದಿಲ್ಲ. ಯಾತಕ್ಕ ಬೇಕು, ಅದನ್ನ ಹೇಳು." ಯಾತಕ್ಕೆ ಎಂದು ಹೇಳದೆ ಅವರ ಕೈಯಿಂದ ಒಂದು ಹಾಳೆಯನ್ನೂ ಬಿಡಿಸಿಕೊಂಡವರಿಲ್ಲ. ಎಷ್ಟೋ ಸಲ ನಾನು ಪುಸ್ತಕವೇ ಬೇಡವೆಂದು ಎದ್ದು ಬಂದದ್ದುಂಟು.

ಓದು ಮುಗಿದು ನನಗೆ ಹಳಿಯಾಳದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹಳ್ಳಿಯವರ ಅರ್ಜಿ ಬರೆಯುವುದು, ಸಭೆ ಕರೆಯುವುದು, ಇಂಥವು. ಒಂದು ದಿನ ಮೇಲಿನ ಕಚೇರಿಯಿಂದ ಸಂದೇಶ ಬಂತು: ಕೃತಕ ಬುದ್ಧಿಮತ್ತೆಯನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ ಕಾರ್ಯಕರ್ತರಿಗೆ ಉಪಯೋಗವಾಗುವ ಓದುಸಾಮಗ್ರಿಯನ್ನು ಹುಡುಕಿ, ಆರಿಸಿ, ಕನ್ನಡದಲ್ಲಿ ಸಿದ್ಧಮಾಡಬೇಕು. ಜೊತೆಗೆ ಮಾರುದ್ದದ ವೆಬ್ ವಿಳಾಸಗಳ ಪಟ್ಟಿ. ಒಂದನ್ನು ತೆರೆದರೆ ಅದು ಇನ್ನೊಂದಕ್ಕೆ ಕೈ ತೋರಿಸುತ್ತಿತ್ತು. ಎಲ್ಲೆಲ್ಲೂ ಪಾರದರ್ಶಕತೆ, ನ್ಯಾಯ, ಉತ್ತರದಾಯಿತ್ವ ಎಂಬ ಮಾತು. ಯಾವುದು ಕಾನೂನು, ಯಾವುದು ಬರೀ ಸಲಹೆ, ಯಾವ ದೇಶದ್ದು, ನಮಗೆ ತಾಗುತ್ತದೋ ಇಲ್ಲವೋ ಒಂದೂ ತಿಳಿಯಲಿಲ್ಲ. ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಯಿತು. ಮುದ್ರಿಸಿದ ಕಾಗದವನ್ನೆಲ್ಲ ಚೀಲಕ್ಕೆ ತುರುಕಿಕೊಂಡು ದಾಂಡೇಲಿಯ ಅಂಬೇವಾಡಿಯಲ್ಲಿದ್ದ ಅಕ್ಕೋರ ಮನೆಗೆ ಹೋದೆ.

ಅಕ್ಕೋರು ಮೇಲಿನ ನಾಲ್ಕು ಹಾಳೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಅವೇ ನಾಲ್ಕು ಹಾಳೆ ಓದಿದರು. "ತಂಗೀ, ನನಗೂ ತಿಳೀವಲ್ದು. ಕುಂದ್ರು, ಇಬ್ಬರೂ ಕೂಡಿ ತಿಳೀಲಾರದಂಗ ಓದೂಣು" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಳುವೇ ಬಂತು.

ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಅಣ್ಣನ ಮಗಳ ವಿಷಯ ಹೇಳಿದೆ. ಅಣ್ಣ ಇರುವುದು ಮುಂಡಗೋಡದ ಮಳಗಿಯ ಹತ್ತಿರ. ಮಗಳು ದಾಂಡೇಲಿಯಲ್ಲಿ ಒಂದು ಖಾಸಗಿ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಹೊಸದಾಗಿ ಮುಖ ನೋಡಿ ಹಾಜರಿ ಹಾಕುವ ಮಶೀನು ತಂದು ಬಾಗಿಲಲ್ಲಿ ಕೂರಿಸಿದ್ದರು. ಅದು ಉಳಿದ ಹುಡುಗಿಯರ ಮುಖ ನೋಡಿ ಟಿಣ್ ಎನ್ನುತ್ತಿತ್ತು. ಇವಳ ಮುಖ ಕಂಡರೆ ಸುಮ್ಮನಿರುತ್ತಿತ್ತು. ಸುಮ್ಮನಿದ್ದರೆ ಗೈರು. ಗೈರು ಹೆಚ್ಚಾದರೆ ಸೀಟು ರದ್ದು, ಸೀಟು ಹೋದರೆ ಕಾಲೇಜೂ ಹೋದಂತೆ, ಮಳಗಿಯಿಂದ ದಿನಾ ಓಡಾಡುವುದು ಆಗದ ಮಾತು. ವಾರ್ಡನ್ ಬಾಯಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು "ನಿನ್ನೆ ರಾತ್ರಿ ಎಲ್ಲಿ ಹೋಗಿದ್ದಿ?" ಎಂದು ಗದರಿದರಂತೆ. "ಇಲ್ಲೇ ಇದ್ನೆಲ್ರೀ, ನೀವ ನನಗ ಊಟಕ್ಕ ಬಡಿಸೀರಿ" ಎಂದಳಂತೆ ಇವಳು. "ಬಡಿಸೇನಿ ಖರೆ. ಆದ್ರ ಮಶೀನ್ ಇಲ್ಲ ಅಂತೈತಲ್ಲ" ಎಂದು ವಾರ್ಡನ್ ಕೂಡ ಗೊಂದಲಕ್ಕೆ ಬಿದ್ದರಂತೆ.

ಆಮೇಲೆ ಆ ವಾರ್ಡನ್ ಬಾಯಿಯೇ ಕನಿಕರಪಟ್ಟು ಒಂದು ಉಪಾಯ ಹೇಳಿಕೊಟ್ಟರು: ಮುಖಕ್ಕೆ ಚೆನ್ನಾಗಿ ಪೌಡರ್ ಬಳಿದುಕೊಂಡು ಬಾ. ಬಳಿದುಕೊಂಡು ಹೋದಳು. ಮಶೀನು ಟಿಣ್ ಎಂದಿತು. ಪೌಡರಿನಿಂದಲೋ, ಅಂದಿನ ಬೆಳಕಿನಿಂದಲೋ, ದೇವರೇ ಬಲ್ಲ. ಅಣ್ಣನಿಗಂತೂ ಹೋದ ಜೀವ ಬಂದಂತಾಗಿ, ದೊಡ್ಡ ಡಬ್ಬಿ ಪೌಡರ್ ಕೊಡಿಸಿಬಿಡು ಎಂದು ನನಗೆ ಫೋನು ಮಾಡಿದ್ದ.

ಇದನ್ನು ನಾನು ಮುಗಿದ ಕಥೆಯ ಹಾಗೆ ಹೇಳಿದೆ. ಅಕ್ಕೋರು ಚಹಾದ ಕಪ್ಪು ಕೆಳಗಿಟ್ಟರು. ಅಷ್ಟು ವರ್ಷಗಳಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆ ಹುಡಿಗಿ ದಿನಾ ಸಂಜಿಮುಂದ ಮತ್ತೊಬ್ಬಾಕಿ ಆಗಿ ಒಳಗ ಹೋಗಬೇಕೇನು? ತಿದ್ದೂದಾದ್ರ ಮಶೀನ್ ತಿದ್ದ ಅನ್ನು, ಮಾರಿ ಯಾಕ ತಿದ್ದತಾರ? ನಿನಗ ಇದನ್ನ ಮೊದಲ ಹೇಳಾಕ ಏನಾಗಿತ್ತು? ಚೀಲಾ ತುಂಬ ಕಾಗದಾ ತಂದೀ, ಯಾತಕ್ಕ ಬೇಕು ಅನ್ನೂದನ್ನ ಮನ್ಯಾಗ ಬಿಟ್ಟ ಬಂದೀ!"

ಅಂದಿನಿಂದ ನಮ್ಮ ಓದು ಶುರುವಾಯಿತು. ಅವರ ಕ್ರಮ ವಿಚಿತ್ರ. ಯಾವ ಕಾಗದ ಕೊಟ್ಟರೂ ಕೊನೆಯ ಪುಟದಿಂದ ಹಿಂದಕ್ಕೆ ಬರುವರು. "ಇದನ್ನ ಓದಿದ ಮ್ಯಾಲ ಯಾರ ಬಾಗಲಾ ಬಡೀಬೇಕು ಅನ್ನೂದು ಇದರಾಗ ಐತೇನು?" ಎಂಬುದೊಂದೇ ಪ್ರಶ್ನೆ. ಇಲ್ಲವೆಂದರೆ ಎಡಗಡೆ, ಇದೆಯೆಂದರೆ ಬಲಗಡೆ. ಎಡಗಡೆಯ ರಾಶಿ ಮೊಣಕಾಲಿನವರೆಗೆ ಬೆಳೆಯಿತು. ಬಣ್ಣಬಣ್ಣದ ಚಿತ್ರವಿದ್ದದ್ದು, ಮುನ್ನುಡಿಯೇ ಹತ್ತು ಪುಟವಿದ್ದದ್ದು, ನಾನು ಬಹಳ ಒಳ್ಳೆಯದೆಂದು ಗುರುತು ಹಾಕಿಕೊಂಡಿದ್ದದ್ದು, ಎಲ್ಲ ಅಲ್ಲಿಗೇ ಹೋಯಿತು. ಬಲಗಡೆ ಉಳಿದದ್ದು ಕೆಲವೇ ಹಾಳೆ. ಇಂಥ ಯಂತ್ರ ಕೊಳ್ಳುವವರು ಮಾರುವವರನ್ನು ಏನೇನು ಕೇಳಬೇಕು ಎಂಬ ಸಾದಾ ಪ್ರಶ್ನೆಗಳು ಅವು: ಯಾರ ಯಾರ ಮುಖದ ಮೇಲೆ ಪರೀಕ್ಷೆ ಮಾಡಿದಿರಿ, ತಪ್ಪಿದರೆ ಸರಿಪಡಿಸುವವರು ಯಾರು, ಸರಿಯಾಗುವವರೆಗೆ ಬೇರೆ ದಾರಿ ಯಾವುದು.

ಹಾಗೆಂದು ನಮಗೆ ಎಲ್ಲ ತಿಳಿಯಿತೆಂದಲ್ಲ. ಆ ಕೆಲವು ಹಾಳೆಗಳನ್ನು ಮನೆಯ ಕಪಾಟಿನಲ್ಲಿ ಎಲ್ಲಿ ಇಡಬೇಕೆಂಬುದೇ ಅವರಿಗೆ ದೊಡ್ಡ ತಲೆನೋವಾಯಿತು. ಮೊದಲು ಕಂಪ್ಯೂಟರ್ ಪುಸ್ತಕಗಳ ಪಕ್ಕ ಇಟ್ಟರು. ಮುಂದಿನ ವಾರ ಹೋದಾಗ ಕಾನೂನಿನ ಸಾಲಿನಲ್ಲಿತ್ತು. ಇನ್ನೊಮ್ಮೆ ಹುಡುಕಿ ಹುಡುಕಿ ಸಾಕಾಗಿ ಕೇಳಿದರೆ ತೂಕ ಮತ್ತು ಅಳತೆಯ ಪುಸ್ತಕದೊಳಗಿಂದ ತೆಗೆದರು. "ಅಂಗಡ್ಯಾನ ತಕ್ಕಡಿಗೆ ಸರಕಾರದವರು ಬಂದು ಮುದ್ರಿ ಹೊಡೀತಾರಲ್ಲ, ಈ ಮಶೀನ್‌ಗೆ ಯಾರ ಹೊಡೀತಾರ ಅಂತ ವಿಚಾರ ಬಂತು, ಅದಕ್ಕ ಅಲ್ಲಿಟ್ಟೆ" ಎಂದರು. ಯಾರು ಹೊಡೆಯುತ್ತಾರೆ ಅಕ್ಕೋರೆ ಎಂದು ಕೇಳಿದೆ. "ನೀ ನನ್ನ ಕೇಳಿದ್ರ? ಗೊತ್ತಿದ್ರ ಅಲ್ಲ್ಯಾಕ ಇಡ್ತಿದ್ದೆ?"

ಪ್ರಶ್ನೆಗಳನ್ನು ಕನ್ನಡ ಮಾಡಿಕೊಂಡು ಹಾಸ್ಟೆಲಿನ ಸಮಿತಿಯ ಮುಂದೆ ಹೋದೆವು. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯ. ಲೈಬ್ರರಿಯ ಕಾಲದ ಹಳೆಯ ಪರಿಚಯವೆಂದು ಕುರ್ಚಿ ಹಾಕಿಸಿ, ಚಹಾ ತರಿಸಿದರು. ಅಕ್ಕೋರು ಚಹಾ ಮುಟ್ಟಲಿಲ್ಲ. ಮೊದಲನೆಯ ಪ್ರಶ್ನೆ ಓದಿದರು.

"ಅದನ್ನ ಕಂಪನಿಯವರ್ನ ಕೇಳಬೇಕಾಗ್ತೈತ್ರಿ ಅಕ್ಕೋರೆ."

"ಕೇಳ್ರಿ."

ಎರಡನೆಯದು ಓದಿದರು. ಅದಕ್ಕೂ ಕಂಪನಿಯವರೇ ಉತ್ತರ ಕೊಡಬೇಕಿತ್ತು.

"ಅದನ್ನೂ ಕೇಳ್ರಿ. ಅವರು ಹೇಳೂತನಕ ಏನ ಮಾಡ್ತೀರಿ?"

ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. "ನೀವ ಹೇಳ್ರಲಾ."

"ಹುಡಿಗ್ಯಾರಿಗೆ ಹೆಸರ ಅದಾವಲ್ಲ, ಕೂಗ್ರಿ. ಎಲ್ಲಾರದೂ ಕೂಗ್ರಿ ಮತ್ತ, ಈಕಿದೊಂದ ಕೂಗಬ್ಯಾಡ್ರಿ."

ಹಾಗೆಯೇ ಆಯಿತು. ಗೈರು ಅಳಿಸಿದರು, ಸೀಟು ಉಳಿಯಿತು. ಕಂಪನಿಯವರ ಉತ್ತರ ಇವತ್ತಿಗೂ ಬಂದಿಲ್ಲ. ಮಶೀನು ಅವಳ ಮುಖವನ್ನೇಕೆ ಒಪ್ಪಲಿಲ್ಲವೆಂಬುದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ, ಗೊತ್ತಿದ್ದವರು ಯಾರೆಂಬುದೂ ಗೊತ್ತಿಲ್ಲ. ಮೇಲಿನ ಕಚೇರಿಗೆ ನಾನು ಕಳಿಸಿದ ಸಾಮಗ್ರಿ ಆ ಕೆಲವೇ ಪುಟ. ಇಷ್ಟೇ ಏನು ಎಂದು ಕೇಳಿದರು. ಇಷ್ಟೇ ಎಂದೆ. ಈಗ ನಮ್ಮ ನಾಲ್ಕು ತಾಲ್ಲೂಕಿನ ಕಾರ್ಯಕರ್ತರು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಜೋಯಿಡಾದವರು ತಾವಾಗಿಯೇ ಕೊಂಕಣಿಗೆ ಮಾಡಿಕೊಂಡಿದ್ದಾರೆ. ಇದಕ್ಕೆ ಹೆಸರು ನನ್ನದು, ಋಣ ಅವರದು. ಆ ಋಣ ತೀರುವಂಥದ್ದಲ್ಲ.

ಹೋದ ಮಳೆಗಾಲದ ಕೊನೆಗೆ ಅಕ್ಕೋರು ಹೋದರು. ಎರಡು ದಿನದ ಜ್ವರ, ಅಷ್ಟೇ. ಮಣ್ಣು ಮುಗಿಸಿಕೊಂಡು ಅಣ್ಣನ ಮಗಳಿಗೆ ಸುದ್ದಿ ಹೇಳಲು ಹಾಸ್ಟೆಲಿಗೆ ಹೋದೆ. ಫೋನಿನಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಸಂಜೆಯಾಗಿತ್ತು. ಹುಡುಗಿಯರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು, ವಾರ್ಡನ್ ಬಾಯಿ ಒಂದೊಂದೇ ಹೆಸರು ಕೂಗುತ್ತಿದ್ದರು. ಒಬ್ಬೊಬ್ಬರು ಒಂದೊಂದು ರೀತಿ, ಕೆಲವರು ಕೇಳಿಸದ ಹಾಗೆ ಗೊಣಗುತ್ತಿದ್ದರು. ನಮ್ಮವಳ ಹೆಸರು ಬಂತು.

"ಹಾಜರ್ ರೀ!"

ಅಷ್ಟು ಜೋರಾಗಿ ಕೂಗಬೇಕಾಗಿರಲಿಲ್ಲ. ಅಕ್ಕಪಕ್ಕದ ಹುಡುಗಿಯರು ನಕ್ಕರು, ವಾರ್ಡನ್ ಬಾಯಿಯೂ ನಕ್ಕರು. ಅವಳಿಗೆ ಸುದ್ದಿ ಇನ್ನೂ ಗೊತ್ತಿರಲಿಲ್ಲ. ನಾನು ಗೇಟಿನ ಹೊರಗೇ ನಿಂತು, ಉಳಿದ ಹೆಸರುಗಳೆಲ್ಲ ಮುಗಿಯಲೆಂದು ಕಾದೆ.