ಕತ್ತರಿಸಬಾರದ ಕಡಲು

ಕಡಲಿನ ಗಾಳಿಯೂ ಸುಳಿಯದ ಈ ಕರಿಮಣ್ಣಿನ ಸೀಮೆಯಲ್ಲಿ ಮೂವತ್ತನಾಲ್ಕು ವರ್ಷ ಕಡಲನ್ನು ಪಾಠ ಮಾಡಿದವರು ಯಾರೆಂದು ಉಮರ್ಗಾದಿಂದ ಉದಗೀರದವರೆಗೆ ಯಾವ ಮಾಸ್ತರರನ್ನು ಕೇಳಿದರೂ ಬರುವ ಹೆಸರು ಒಂದೇ, ಶ್ರೀ ರೇವಣಸಿದ್ಧ ನಾಗಣ್ಣ ವಲಾಂಡಿಕರ. ನಕಾಶೆ ತೂಗುಹಾಕಿ ಭೂಗೋಳ ಕಲಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ದೀಪಾವಳಿಯ ರಜೆ ಬಂದೊಡನೆ ಕ್ಯಾಮೆರಾ ಹೆಗಲಿಗೇರಿಸಿ, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಕೊಂಕಣ ಮುಟ್ಟಿ, ಅಲ್ಲಿಯ ಕಡಲದಂಡೆಯನ್ನು ಉದ್ದನೆಯ ಚಿತ್ರಗಳಲ್ಲಿ ತಂದು ತರಗತಿಯ ಗೋಡೆಗೆ ಅಂಟಿಸಿದವರು ಇವರೊಬ್ಬರೇ. ಅಂಥವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಅವರ ನಿವೃತ್ತಿಗೆಂದು ಹೊರಡುತ್ತಿರುವ ಈ ಅಭಿನಂದನ ಗ್ರಂಥದ ಉಳಿದ ಲೇಖನಗಳೆಲ್ಲ ಮರಾಠಿಯಲ್ಲಿವೆ. ಸರ್ ಅವರ ಮನೆಮಾತಾದ ಕನ್ನಡದಲ್ಲೂ ಒಂದಿರಲೆಂದು ಸಂಪಾದಕರು ಆ ಹೊಣೆಯನ್ನು ಅವರ ಸಹೋದ್ಯೋಗಿ, ಗಣಿತದ ಮಾಸ್ತರ ಧೂಳಪ್ಪನಿಗೆ ಒಪ್ಪಿಸಿದರು. ಇದನ್ನು ಬರೆಯುತ್ತಿರುವವನು ಅದೇ ಧೂಳಪ್ಪ. ಆದರೆ ‘ನಾನು’ ಎಂದು ಶುರು ಮಾಡಿದಾಗಲೆಲ್ಲ ಪೆನ್ನು ತನ್ನ ಧಣಿಯ ಪರವಾಗಿ ವಕಾಲತ್ತು ವಹಿಸತೊಡಗಿದ್ದರಿಂದ, ಅವನನ್ನು ಬೇರೆ ಯಾರೋ ಎಂಬಂತೆ ಹೊರಗೆ ನಿಲ್ಲಿಸಿಯೇ ಹೇಳಬೇಕಾಗಿದೆ. ಓದುಗರು ಮನ್ನಿಸಬೇಕು.

ವಲಾಂಡಿಯಲ್ಲಿ ಕುರಿ ಸಾಕಿಕೊಂಡು ಬೀರಪ್ಪನಿಗೆ ನಡೆದುಕೊಂಡಿದ್ದ ನಾಗಣ್ಣ, ಮಲಕಮ್ಮ ದಂಪತಿಯ ಮಗ ರೇವಣಸಿದ್ಧ ಸರ್. 1991ರಲ್ಲಿ ಉಮರ್ಗಾದ ಶಾಲೆಯಲ್ಲಿ ಸೇವೆಗೆ ಸೇರಿ, ನಾಲ್ಕು ವರ್ಷದ ಮೇಲೆ ನಿಲಂಗಾಕ್ಕೆ ಬಂದರು. ರಷ್ಯದಲ್ಲಿ ತಯಾರಾದ ಆ ಕ್ಯಾಮೆರಾ ಪುಣೆಯ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಅವರ ಕೈಸೇರಿದ್ದು ಆಗಲೇ. ಗುಂಡಿ ಒತ್ತಿದರೆ ಸಾಕು, ಅದರ ಮಸೂರ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ, ಮನುಷ್ಯ ಕತ್ತು ಹೊರಳಿಸಿ ನೋಡುವಷ್ಟು ದಂಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತಿತ್ತು. ಅದರ ನೆತ್ತಿಯ ಮೇಲೆ ಗೌಂಡಿಗಳ ಬಳಿ ಇರುವಂಥದೇ ಒಂದು ಪುಟ್ಟ ರಸಮಟ್ಟ. ಅದರ ಗುಳ್ಳೆ ನಟ್ಟನಡುವೆ ನಿಲ್ಲದಿದ್ದರೆ ನೀರಿನಂಚು ಬಾಗಿ ಬರುತ್ತದೆಂದು ಸರ್ ಮರಳಲ್ಲಿ ಮಂಡಿಯೂರಿ ಬಹಳ ಹೊತ್ತು ಕೂರುತ್ತಿದ್ದರು.

ಗುಹಾಗರ, ದೇವಗಡ, ವೆಂಗುರ್ಲೆಯ ದಂಡೆಗಳು ಹೀಗೆ ನಿಲಂಗಾದ ಏಳನೆಯ ಇಯತ್ತೆಯ ತರಗತಿಗೆ ಬಂದವು. ಚಿತ್ರ ಇಷ್ಟು ಉದ್ದ ಯಾಕೆ ಎಂದು ಒಬ್ಬ ಹುಡುಗಿ ಕೇಳಿದಾಗ ಸರ್ ನಕ್ಕು ಹೇಳಿದ್ದರು: “ಕುತ್ತಿಗಿ ತಿರಗಸ್ಲಾರದೇ ಪೂರಾ ಕಂಡ್ರ ಅದು ಕೆರಿ, ಅವ್ವ. ತಿರಗಸಬೇಕಾತು ಅಂದ್ರ ಸಮುದ್ರ.” ಆ ಮಾತು ಕೇಳಿದ ಮಕ್ಕಳು ಪರೀಕ್ಷೆಯಲ್ಲೂ ಹಾಗೆಯೇ ಬರೆದಿಟ್ಟರು. ಸರ್ ಪೂರ್ತಿ ಅಂಕ ಕೊಟ್ಟರು.

ಈ ಚಿತ್ರಗಳಿಗೆ ಒಂದು ತಾಪತ್ರಯವಿತ್ತು. ಫಿಲ್ಮಿನ ಮೇಲೆ ಅವು ಉಳಿದವರ ಚಿತ್ರಗಳಿಗಿಂತ ಒಂದೂವರೆ ಪಟ್ಟು ಉದ್ದ. ತೊಳೆಯುವವರು ರೂಢಿಯ ಅಳತೆಗೆ ಕತ್ತರಿಸಿದರೆ ಕತ್ತರಿ ಚಿತ್ರದ ನಡುವೆಯೇ ಬೀಳುತ್ತದೆ. ಆದ್ದರಿಂದ ಸರ್ ಪ್ರತಿ ರೋಲಿಗೂ ‘ಕತ್ತರಿಸಬಾರದು, ಉದ್ದಕ್ಕೇ ಸುತ್ತಿ ಕೊಡುವುದು’ ಎಂದು ಚೀಟಿ ಬರೆದುಕೊಡುತ್ತಿದ್ದರು. ಉದಗೀರದಲ್ಲಿ ವೈಜನಾಥನೆಂಬ ಫೋಟೋದವನಿದ್ದ. ಸರ್ ಅವರ ಗೆಳೆಯ. ಎಂಟು ವರ್ಷದಲ್ಲಿ ಅವರ ಒಂದು ರೋಲಿಗೂ ಅವನು ಕತ್ತರಿ ಮುಟ್ಟಿಸಿರಲಿಲ್ಲ. ಧೂಳಪ್ಪನ ಮಾವನ ಮನೆ ಉದಗೀರದಲ್ಲೇ ಇದ್ದುದರಿಂದ, ಶನಿವಾರ ರೋಲು ಒಯ್ದು ಕೊಡುವ ಕೆಲಸ ಅವನದಾಗಿತ್ತು.

2003ರ ದೀಪಾವಳಿಗೆ ಸರ್ ತಮ್ಮ ತಾಯಿಯನ್ನು ಕಡಲಿಗೆ ಕರೆದೊಯ್ದರು. ಜೀವಮಾನವಿಡೀ ಕುರಿಯ ಹಿಂದೆ ನಡೆದ ಮಲಕಮ್ಮ ದೇವಗಡದ ದಂಡೆಯಲ್ಲಿ ಕೂತು, ಬೊಗಸೆ ನೀರು ನಾಲಿಗೆಗೆ ಮುಟ್ಟಿಸಿ ಉಗುಳಿದರಂತೆ. “ಇಷ್ಟ್ ನೀರ ಅದ, ಒಂದ್ ಕುರಿಗರೆ ಕುಡಸ್ಲಾಕ ಬರಲ್ಲ. ಇದ್ಯಾತರ ನೀರೋ ರೇವಣಾ?” ಎಂದರಂತೆ. ಮಗ ಆ ಕ್ಷಣಕ್ಕೇ ಗುಂಡಿ ಒತ್ತಿದರು. ರೇಶನ್ ಕಾರ್ಡಿನ ಫೋಟೋ ಬಿಟ್ಟರೆ ಆ ತಾಯಿಯದು ಬೇರೊಂದು ಚಿತ್ರವಿರಲಿಲ್ಲ.

ಆ ರೋಲು ಧೂಳಪ್ಪನ ಕೈಗೆ ಬಂತು. ಅವನು ಉದಗೀರದಲ್ಲಿ ಇಳಿದಾಗ ಪರೀಕ್ಷೆಯ ಅರ್ಜಿಯ ಫೋಟೋಗಳ ಸುಗ್ಗಿ; ವೈಜನಾಥ ಒಳಗೆ ಕತ್ತಲೆ ಕೋಣೆಯಲ್ಲಿದ್ದ. ಕೂಗಿ ಹೇಳಿ ಕಾಯಬೇಕಿತ್ತು. ಆದರೆ ಅತ್ತೆಯ ಮನೆಯಲ್ಲಿ ಹೋಳಿಗೆ ಆರುತ್ತಿದ್ದವು. ಧೂಳಪ್ಪ ಅಂಗಡಿಯ ಕಟ್ಟೆಯ ಮೇಲಿನ ಡಬ್ಬಿಯಲ್ಲಿ, ಹತ್ತಾರು ರೋಲುಗಳ ನಡುವೆ ಆ ರೋಲನ್ನೂ ಹಾಕಿ ನಡೆದುಬಿಟ್ಟ. ಚೀಟಿ ಅವನ ಚೀಲದ ಪಕ್ಕದ ಜೇಬಿನಲ್ಲೇ ಉಳಿಯಿತು.

ಮುಂದಿನ ಶನಿವಾರ ವೈಜನಾಥನ ಮುಖ ಬಿಳಿಚಿತ್ತು. ಎಲ್ಲದರ ಜೊತೆಗೆ ಅದನ್ನೂ ಅಳತೆಪಟ್ಟಿಯಿಟ್ಟು ಕತ್ತರಿಸಿದ ಮೇಲೆಯೇ ಅವನಿಗೆ ಅದು ಯಾರ ರೋಲೆಂದು ತಿಳಿದದ್ದು. “ಚೀಟಿ ಇರಲಿಲ್ರಿ ಮಾಸ್ತರ,” ಎಂದ. ಧೂಳಪ್ಪ ಬಸ್ಸಿನ ಪಾಸಿಗೆಂದು ಚೀಲದ ಜೇಬಿಗೆ ಕೈ ಹಾಕಿದ್ದ. ಚೀಟಿ ಬೆರಳಿಗೆ ತಾಗಿತು. “ಸುತ್ತೇ ಇಟ್ಟಿದ್ನಲ್ರೀ. ನೀವೇ ಎಲ್ಲೋ ಬೀಳಸೀರಿ,” ಎಂದುಬಿಟ್ಟ.

ಯಾಕೆ ಹಾಗೆಂದ ಎಂಬುದನ್ನೂ ಹೇಳಬೇಕು. ನಾಲ್ಕು ವರ್ಷ ತಾತ್ಪೂರ್ತಿಕವಾಗಿ ದುಡಿದ ಅವನನ್ನು ಕಾಯಂ ಮಾಡಿಸಲು ಸರ್ ಏಳು ಸಲ ಲಾತೂರಿನ ಕಚೇರಿಗೆ ತಮ್ಮ ರಜೆ ಹಾಕಿ ಅಲೆದಿದ್ದರು. ಕೊನೆಯ ಶಿಫಾರಸು ಪತ್ರ ಹಿಡಿದು ಆ ಸೋಮವಾರವೇ ಹೊರಡುವವರಿದ್ದರು. ಧೂಳಪ್ಪ ಹೆದರಿದ. ಸರ್ ಅಂಥ ಮನುಷ್ಯರಲ್ಲವೆಂದು ಗೊತ್ತಿದ್ದೂ ಹೆದರಿದ.

ಇಪ್ಪತ್ತೆರಡು ಚಿತ್ರಗಳ ಮೇಲೆ ಐದು ಕಡಿತಗಳು ಬಿದ್ದಿದ್ದವು. ನಾಲ್ಕು ಬರೀ ನೀರು, ಮರಳಿನ ಮೇಲೆ. ಐದನೆಯದು ಮಲಕಮ್ಮನ ಮುಖದ ಮೇಲೆ. ಸರ್ ಆ ಎರಡು ತುಂಡುಗಳನ್ನು ಬೆಳಕಿಗೆ ಹಿಡಿದು ಕೇಳಿದರು: “ಚೀಟಿ ಕೊಟ್ಟಿದ್ದಿ, ಹೌದಿಲ್ಲೋ ಧೂಳಪ್ಪ?”

“ಕೊಟ್ಟೀನ್ರೀ ಸರ್.”

ಸರ್ ಸೋಮವಾರ ಲಾತೂರಿಗೆ ಹೋದರು. ಧೂಳಪ್ಪ ಕಾಯಂ ಆದ. ಅವನ ಮನೆಯಲ್ಲಿ ಇವತ್ತಿಗೂ ಒಲೆ ಉರಿಯುತ್ತಿರುವುದು ಆ ಒಂದು ಪತ್ರದಿಂದ.

ಮರುವರ್ಷವೇ ಮಲಕಮ್ಮ ತೀರಿಕೊಂಡರು. ತುಂಡುಗಳನ್ನು ಜೋಡಿಸಿ ಮಾಡಿಸಿದ ಚಿತ್ರ ಸರ್ ಅವರ ಪಡಸಾಲೆಯಲ್ಲಿದೆ. ಹಣೆಯಿಂದ ಗದ್ದದವರೆಗೆ ಒಂದು ಬಿಳಿ ಗೆರೆ. ಚಹಾಕ್ಕೆ ಹೋದಾಗಲೆಲ್ಲ ಧೂಳಪ್ಪ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಾನೆ. ವೈಜನಾಥನ ಬಗ್ಗೆ ಸರ್ ಎಂದೂ ಕೆಟ್ಟ ಮಾತಾಡಲಿಲ್ಲ. ಒಮ್ಮೆ ಮಾತ್ರ, “ತಪ್ಪಾತು ಅಂತ ಬಂದು ಒಂದ್ ಮಾತ ಅಂದಿದ್ರ ಸಾಕಿತ್ತು ನೋಡು,” ಎಂದರು. ಆಮೇಲೆಯೂ ಅವರು ಮೂರು ಸಲ ಕಡಲಿಗೆ ಹೋಗಿಬಂದರು. ಆದರೆ ಯಾರ ಕೈಗೂ ಕೊಡಲು ಮನಸ್ಸಾಗದೆ, ಆಗ ತೆಗೆದ ಏಳು ರೋಲುಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಮುಚ್ಚಿದರು. ಅಲ್ಲಿಗೆ ಕ್ಯಾಮೆರಾವೂ ಕಪಾಟು ಸೇರಿತು. ನಂತರದ ಎಲ್ಲ ತಂಡದ ಮಕ್ಕಳೂ ಗೋಡೆಯ ಮೇಲೆ ಅದೇ ಹಳೆಯ ಕಡಲನ್ನು ನೋಡಿದರು.

ಈ ಲೇಖನಕ್ಕೆ ಕೂತ ಮೇಲೆ ಧೂಳಪ್ಪ ಮೂರು ಸಲ ಸರ್ ಅವರ ಮನೆಗೆ ಹೋಗಿ, ಬರೀ ಚಹಾ ಕುಡಿದು ವಾಪಸಾದ. ಕೊನೆಗೆ ಬಸ್ಸು ಹತ್ತಿ ಉದಗೀರಕ್ಕೆ ಹೋದ. ವೈಜನಾಥನದು ಈಗ ಝೆರಾಕ್ಸ್ ಅಂಗಡಿ. ಧೂಳಪ್ಪ ಇಪ್ಪತ್ತೆರಡು ವರ್ಷ ಪಂಚಾಂಗದ ನಡುವೆ ಬಚ್ಚಿಟ್ಟ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಎಲ್ಲವನ್ನೂ ಹೇಳಿದ.

ವೈಜನಾಥ ಯಂತ್ರ ನಿಲ್ಲಿಸಿದ. “ಆ ದಿನ ಕಸದ ಬುಟ್ಟಿ ಸುರುವಿ ಹುಡಕೀನ್ರಿ. ಕಟ್ಟಿ ಕೆಳಗ, ಚರಂಡ್ಯಾಗ. ನನ್ನ ಕೈಯಿಂದಾನೇ ಬಿತ್ತು ಅಂತ ತಿಳದೆ. ಯಾವ ಮಾರಿ ತಗೊಂಡು ಸರ್ ಮುಂದ ಹೋಗ್ಲಿ?” ಎಂದ. ಧೂಳಪ್ಪ ಕೈ ಮುಗಿದ. ವೈಜನಾಥ ಅದನ್ನು ನೋಡಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಕಟ್ಟೆಯ ಗಾಜಿನ ಕೆಳಗೆ ಸರಿಸಿದ. ಏಳು ರೋಲುಗಳ ಸುದ್ದಿ ಕೇಳಿದ ಮೇಲೆ ಹೇಳಿದ: “ರೋಲ್ ತೊಳಿಯೋ ಔಷಧ ನಾ ಎಲ್ಲಿಂದರೆ ತರಸ್ತೀನಿ. ಸರ್‌ಗ ಡಬ್ಬಿ ತಗೊಂಡು ಬರ್ರಿ ಅನ್ರಿ. ನೀವು ಮಾತ್ರ ತರಬ್ಯಾಡ್ರಿ.”

ಪೂಜ್ಯ ರೇವಣಸಿದ್ಧ ಸರ್ ಅವರಿಗೆ ಬೀರಪ್ಪ ನೂರು ವರ್ಷದ ಆಯುಷ್ಯ ಕೊಡಲಿ; ಕಪಾಟಿನ ಕ್ಯಾಮೆರಾ ಮತ್ತೆ ಹೆಗಲಿಗೇರಲಿ; ರಸಮಟ್ಟದ ಗುಳ್ಳೆ ಹುಡುಕುವಷ್ಟು ಕಣ್ಣು ಚುರುಕಾಗಿರಲಿ. ಮಲಕಮ್ಮನ ಮುಖದ ಮೇಲಿನ ಗೆರೆಯನ್ನು ಅಳಿಸುವ ಔಷಧ ಯಾರ ಬಳಿಯೂ ಇಲ್ಲ. ಅದಕ್ಕಾಗಿ ಧೂಳಪ್ಪ ಕ್ಷಮೆ ಕೇಳುವುದಿಲ್ಲ, ಕೇಳುವ ಯೋಗ್ಯತೆ ಅವನಿಗಿಲ್ಲ. ಆದರೆ ಉದಗೀರದ ಕಟ್ಟೆಯಾಚೆ ಒಬ್ಬ ಗೆಳೆಯ ಕಾಯುತ್ತಿದ್ದಾನೆ, ಅವನ ತಪ್ಪು ಏನೂ ಇರಲಿಲ್ಲ. ಸರ್, ಡಬ್ಬಿಯನ್ನು ತಾವೇ ಒಯ್ಯಬೇಕು. ಈ ಸಲ ಚೀಟಿ ಬರೆಯುವುದು ಬೇಡ, ಅಂದಿನದೇ ಈಗ ಅವನ ಕೈ ಮುಟ್ಟಿದೆ.

ಧೂಳಪ್ಪ, ಕಾಸಾರಶಿರಸಿ