ಸೋಪು ಹಚ್ಚಿದ ಮರಿ

ಸಂಜೆ ಡ್ಯೂಟಿ ಮುಗಿಸಿ ಕುಷ್ಟಗಿಯ ಮನೆಗೆ ಬಂದು ಚೀಲ ತೆರೆದರೆ ಸೋಪಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಬುತ್ತಿ ಡಬ್ಬಿಯ ಪಕ್ಕದಲ್ಲಿ ಹೊಸ ಸೋಪೊಂದು ಕಾಗದದ ಸಮೇತ ಕೂತಿತ್ತು. ಅದು ನನ್ನದಲ್ಲ. ಬೆಳಿಗ್ಗೆ ಹೆರಿಗೆ ವಾರ್ಡಿನಲ್ಲಿ ಒಬ್ಬ ಅಜ್ಜಿಯ ಕೈಯಿಂದ ಕಸಿದುಕೊಂಡದ್ದು, ಮರಳಿಸಲು ಮರೆತು ಹಾಗೇ ಬಂದುಬಿಟ್ಟಿದ್ದೇನೆ. ಇಷ್ಟು ವರ್ಷ ಸರ್ಕಾರಿ ನರ್ಸಾಗಿ ದುಡಿದವಳು ಈಗ ಮುದುಕಿಯರ ಸೋಪು ಕದಿಯುತ್ತಾಳೆಯೇ ಎಂದು ನಗಬೇಡಿ. ಇದಕ್ಕೆಲ್ಲ ಒಂದು ಆಡು ಕಾರಣ.

ಆಗ ಕೆಲಸ ಹೊಸದು. ಹುಲಿಹೈದರದ ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಹನುಮಕ್ಕ ಎಂಬ ಕೂಲಿ ಹೆಂಗಸಿನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹನುಮಕ್ಕನ ಬಾಯಲ್ಲಿ ಎಲೆಅಡಿಕೆ ಹೆಚ್ಚು, ಮಾತು ಕಡಿಮೆ. ನನ್ನದು ಪೂರಾ ಉಲ್ಟಾ. ಮನೆಮನೆ ಹೊಕ್ಕು, "ಹುಟ್ಟಿದ ಒಂದು ತಾಸಿನೊಳಗ ಕೂಸಿಗೆ ಹಾಲು ಕುಡಿಸ್ರಿ, ಸ್ವಚ್ಛ ಇರ್ರಿ" ಎಂದು ಬಾಣಂತಿಯರಿಗೆ ಭಾಷಣ ಬಿಗಿಯುತ್ತಿದ್ದೆ. ಸ್ವಚ್ಛತೆಯೆಂದರೆ ನನಗೆ ಒಂದು ತರಹದ ಹುಚ್ಚು. ಹೊಸ್ತಿಲ ಮುಂದೆ ದಿನಾ ಬ್ಲೀಚಿಂಗ್ ಪೌಡರ್ ಗೆರೆ ಎಳೆಯುತ್ತಿದ್ದೆ. ಹನುಮಕ್ಕನ ಆಡು ಚೆನ್ನಿ ಆ ಗೆರೆ ದಾಟುವಾಗೆಲ್ಲ ಸೀನುತ್ತಿತ್ತು.

ಚೆನ್ನಿಗೆ ಚೊಚ್ಚಲ ಬಸಿರು. ಒಂದು ರವಿವಾರ ಹನುಮಕ್ಕ ಕಳೆ ತೆಗೆಯಲು ಹೊರಟಾಗ, "ಇವತ್ತು ಈಯೂದಿಲ್ಲ ಬಿಡ್ರಿ ಬಾಯಾರ. ಆದ್ರೂ ಸ್ವಲ್ಪ ಕಣ್ಣ ಇರ್ಲಿ" ಎಂದಳು. ಆಡಿಗೆ ಈ ಮಾತು ಯಾರು ಹೇಳಬೇಕು? ಹನ್ನೊಂದರ ಹೊತ್ತಿಗೆ ಚೆನ್ನಿ ಬೇವಿನ ಗಿಡದ ಕೆಳಗೆ ಒಂದು ಹೆಣ್ಣುಮರಿ ಹಾಕಿತು. ಮೈತುಂಬ ಲೋಳೆ ಮೆತ್ತಿಕೊಂಡು ಮಣ್ಣಿನಲ್ಲಿ ಬಿದ್ದ ಮರಿಯನ್ನು ಚೆನ್ನಿ, ಇದೇನಪ್ಪ ನನ್ನಿಂದ ಬಿದ್ದದ್ದು ಎಂಬಂತೆ ನೋಡುತ್ತಿತ್ತು. ಅದು ಬಗ್ಗಿ ಮೂಸುವುದರೊಳಗೆ ನಾನು ಮರಿಯನ್ನು ಎತ್ತಿಕೊಂಡಾಗಿತ್ತು. ಬಿಸಿನೀರು ಕಾಸಿದೆ. ನನ್ನದೇ ಸೋಪು ಹಚ್ಚಿ ತೊಳೆದೆ, ನನ್ನದೇ ಟವೆಲ್‌ನಲ್ಲಿ ಒರೆಸಿದೆ. ಹತ್ತಿಯಂತೆ ಬೆಳ್ಳಗಾದ ಮರಿಯನ್ನು ತಂದು ತಾಯಿಯ ಮುಂದೆ ಇಟ್ಟು ಶಹಬ್ಬಾಸ್‌ಗಾಗಿ ಕಾದು ನಿಂತೆ.

ಚೆನ್ನಿ ಒಮ್ಮೆ ಮೂಸಿ ಹಿಂದೆ ಸರಿಯಿತು. ಮರಿ ತಡವರಿಸುವ ಹೆಜ್ಜೆ ಇಡುತ್ತ ಕೆಚ್ಚಲಿಗೆ ಬಂದರೆ ಒದೆಯಿತು. ಮತ್ತೆ ಬಂದರೆ ತಲೆಯಿಂದ ಗುದ್ದಿತು. ಹಿಡಿಯಲು ಹೋದ ನನಗೂ ಒಂದು ಬಿತ್ತು. ಒಂದು ತಾಸು ಹೋಯಿತು, ಎರಡು ಹೋದವು. ನನ್ನ ಭಾಷಣವೇ ನನ್ನನ್ನು ಅಣಕಿಸುತ್ತಿತ್ತು. ಮೂರನೆಯ ತಾಸಿಗೆ ಮರಿ ಕೂಗುವುದನ್ನೂ ಬಿಟ್ಟಿತು. ಅದರ ಕಿವಿ ಮುಟ್ಟಿದರೆ ತಣ್ಣಗಿತ್ತು. ಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುವುದಿಲ್ಲ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಓಡಿಹೋಗಿ ಹೊಲದಿಂದ ಹನುಮಕ್ಕನನ್ನು ಕರೆತಂದೆ.

ಆಕೆ ಮರಿಯನ್ನು ಎತ್ತಿ ಮೂಸಿದಳು.

"ತೊಳದ್ರೇನ್ರಿ?"

"ಹೊಲಸಾಗಿತ್ತು ಹನುಮಕ್ಕ, ಅದಕ್ಕ..."

"ಅದು ಹೊಲಸಲ್ರಿ ಬಾಯಾರ, ಗುರುತು. ಅಳಿಸಿಬಿಟ್ರಿ. ಇದು ನನ್ನ ಮರಿ ಅಂತ ಆಕಿಗೆ ಹ್ಯಾಂಗ ತಿಳೀಬೇಕು?"

ಪುಣ್ಯಕ್ಕೆ, ಮರಿಯ ಬೆನ್ನಿಗೇ ಬೀಳಬೇಕಾದ ಮಾಸು ಆಗಷ್ಟೇ ಬಿದ್ದಿತ್ತು. ಅದನ್ನೇ ಮರಿಗೆ ಸವರಬೇಕು ಎಂದಳು. ನಾನು ಗ್ಲೌಸ್ ತರಲು ಎದ್ದೆ. "ಗ್ಲೌಸ್ ಬ್ಯಾಡ. ಬರೇ ಕೈಲೆ ಹಚ್ಚರಿ. ನೀವು ಕೆಡಿಸೀರಿ, ನೀವ ಕುಡಿಸ್ರಿ. ನಾ ಹೇಳಿಕೊಡ್ತೀನಿ." ಬೆನ್ನಿಗೆ, ನೆತ್ತಿಗೆ, ಮುಖ್ಯವಾಗಿ ಬಾಲದ ಬುಡಕ್ಕೆ ಸವರಿದೆ. ತಾಯಿ ಮೊದಲು ಮೂಸುವುದು ಅಲ್ಲೇ ಅಂತೆ. ತಾಯಿ ನೆಕ್ಕಲೆಂದು ಹನುಮಕ್ಕ ಮೇಲೊಂದು ಚಿಟಿಕೆ ಉಪ್ಪು ಉದುರಿಸಿ, ಚೆನ್ನಿಯನ್ನು ಗೂಟಕ್ಕೆ ಗಿಡ್ಡ ಕಟ್ಟಿದಳು. ಮೊಲೆ ಹಿಂಡಿ ಬಿಗಿದಿದ್ದ ತುದಿ ಬಿಡಿಸಿದಾಗ ಹಳದಿ ಗಿಣ್ಣದ ಹಾಲು ಬಂತು. ನಾನು ನೆಲಕ್ಕೆ ಕೂತು, ಒಂದು ಕೈಯಲ್ಲಿ ಆಡಿನ ಹಿಂಗಾಲು, ಇನ್ನೊಂದರಲ್ಲಿ ಮರಿಯ ಗದ್ದ ಹಿಡಿದೆ. ಈ ಮರಿ ಕುಡಿಯುವ ತನಕ ಏಳುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಆಡಿನ ಕಾಲು ಕೈಜಾರಿ ಒಂದು ಒದೆ ಮೊಣಕೈಗೆ ಬಿತ್ತು. ಸಿಟ್ಟು ನೆತ್ತಿಗೇರಿ, "ತಾಯಿ ಅನಿಸ್ಕೊಳ್ಳಾಕ ನಾಚಿಕಿ ಇಲ್ಲೇನು ನಿನಗ?" ಎಂದು ಕಿರುಚಿದೆ.

"ಬೈಬ್ಯಾಡ್ರಿ," ಎಂದಳು ಹನುಮಕ್ಕ. "ಬೈದ್ರ ಹಾಲು ಏರಿಸ್ಕೊಂತಾವ. ಆಕಿಗೂ ಇದು ಹೊಸಾದ. ಸುಮ್ಮನ ಹಿಡೀರಿ."

ಸುಮ್ಮನೆ ಹಿಡಿದೆ. ಎಷ್ಟೋ ಹೊತ್ತಿನ ಮೇಲೆ ಮರಿಯ ಗಂಟಲು ಗುಟುಕ್ ಎಂದಿತು. ಪುಟ್ಟ ಬಾಲ ಪಟಪಟ ಅಲ್ಲಾಡತೊಡಗಿತು. ಜೀವವೇನೋ ಉಳಿಯಿತು, ತಾಯಿ ಮಾತ್ರ ಕಟ್ಟಿ ಹಿಡಿದರಷ್ಟೇ ಕೊಡುತ್ತಿತ್ತು. ಸೋಪು ಮುಟ್ಟಬಾರದೆಂದು ಹನುಮಕ್ಕನ ಹುಕುಂ. ಕೈ ತೊಳೆಯದ ನರ್ಸು ಕೆಲಸಕ್ಕೆ ಹೋಗುವುದುಂಟೇ? ಎರಡು ದಿನ ರಜೆ ಹಾಕಿದೆ. ಎರಡೆರಡು ತಾಸಿಗೊಮ್ಮೆ ಹೋಗಿ ಕಾಲು ಹಿಡಿಯುವುದು, ಒದೆ ತಿನ್ನುವುದು, ಕುಡಿಸುವುದು. ಊರ ಹೆಂಗಸರು ಬಂದು ಬಂದು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು ಹೋದರು. ಅವರ ಬಾಣಂತನದಲ್ಲಿ ನಾನು ಆಡಿದ್ದ ಮಾತುಗಳಿಗೆ ಅಷ್ಟು ನಗು ಸಲ್ಲಬೇಕಾದದ್ದೇ.

ಮೂರನೆಯ ಬೆಳಿಗ್ಗೆ ಮರಿ ಕುಡಿಯುತ್ತಿದ್ದಾಗ ಚೆನ್ನಿ ಕತ್ತು ತಿರುಗಿಸಿ ಅದರ ಬಾಲದ ಬುಡ ಮೂಸಿತು. ಗಂಟಲಿನೊಳಗೇ ಸಣ್ಣಗೆ ಒಂದು ದನಿ ತೆಗೆಯಿತು, ಅಲ್ಲಿಯವರೆಗೆ ನಾನು ಕೇಳದ ದನಿ. ಆಮೇಲೆ ನೆಕ್ಕತೊಡಗಿತು. ನನ್ನ ಮುಷ್ಟಿಯಲ್ಲಿದ್ದ ಕಾಲಿನ ಬಿಗಿ ಸಡಿಲಾಯಿತು. ನಾನು ಮಾತ್ರ ಹಿಡಿದೇ ಇದ್ದೆ.

"ಬಿಡ್ರಿ ಇನ್ನ," ಎಂದಳು ಹನುಮಕ್ಕ. ಬಿಟ್ಟೆ. ಅಳು ಬಂತು, ಅತ್ತೆ.

ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಒಂದು ಚೊಚ್ಚಲ ಹೆರಿಗೆ. ತಾಯಿ ಸಣ್ಣ ವಯಸ್ಸಿನ ಹುಡುಗಿ. ಕೂಸನ್ನು ಕೊಡಹೋದರೆ ಗೋಡೆಯ ಕಡೆ ಹೊರಳಿದಳು. ಸುತ್ತ ನಿಂತವರು ಬೈಯತೊಡಗಿದರು. ಅವಳ ಅತ್ತೆ, ಅಂದರೆ ಕೂಸಿನ ಅಜ್ಜಿ, ಬಿಸಿನೀರು, ಸೋಪು ಹಿಡಿದು ತಯಾರಾಗಿದ್ದಳು.

"ಮೊದಲ ಕೂಸಿಗೆ ಎರದು ತರ್ತೀನ್ರಿ ಸಿಸ್ಟರ. ಮೈಯೆಲ್ಲಾ ಹೊಲಸೈತಿ."

ಸೋಪು ಕಸಿದು ನನ್ನ ಚೀಲಕ್ಕೆ ಹಾಕಿದೆ. ಎಲ್ಲರನ್ನೂ ಹೊರಗೆ ಕಳಿಸಿದೆ. ಬರೀ ಒರೆಸಿದ್ದ, ತೊಳೆಯದ ಕೂಸನ್ನು ಹುಡುಗಿಯ ಬರಿ ಎದೆಯ ಮೇಲೆ ಮಲಗಿಸಿ ಅದರ ಬೆನ್ನಿಗೆ ಕೈ ಆನಿಸಿ ಕೂತೆ. ಹಿಂದಿನ ನಾನಾಗಿದ್ದರೆ ಅಷ್ಟರಲ್ಲಿ ಭಾಷಣ ಮುಗಿಸಿ ಮುಂದಿನ ಮಂಚಕ್ಕೆ ಹೋಗಿರುತ್ತಿದ್ದೆ. ಇವತ್ತು ಬಾಯಿ ಬಿಡಲಿಲ್ಲ. ಕೈ ಜೋಮು ಹಿಡಿಯಿತು, ತೆಗೆಯಲಿಲ್ಲ. ಬಹಳ ಹೊತ್ತಿಗೆ ಹುಡುಗಿ ಮೆಲ್ಲಗೆ ತಲೆ ಬಗ್ಗಿಸಿ, ಕೂಸಿನ ನೆತ್ತಿಗೆ ಮೂಗು ಹಚ್ಚಿದಳು.

ಆಗ ಕೈ ಬಿಟ್ಟೆ.