ಡ್ಯೂಟಿಯಲ್ಲಿಲ್ಲದ ಮಾವ

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಸೋದರಮಾವ ಅಟ್ಲಾಂಟಾಕ್ಕೂ ವಾಷಿಂಗ್ಟನ್ನಿಗೂ ನಡುವೆ ಟ್ರಕ್ ಓಡಿಸುತ್ತಿದ್ದರು. ಆಗ ಹೆಚ್ಚಿನ ಚಾಲಕರು ತಮ್ಮ ಕೆಲಸದ ವೇಳೆಯನ್ನು ಕಾಗದದ ಮೇಲೆ ಬರೆದಿಡುತ್ತಿದ್ದರು. ಮಾವನ ಕಂಪನಿ ಮಾತ್ರ ಸ್ಟಿಯರಿಂಗ್ ಪಕ್ಕ ಒಂದು ಪೆಟ್ಟಿಗೆ ಕೂರಿಸಿತ್ತು. ಚಕ್ರ ತಿರುಗಿದರೆ ಅದು ತಾನಾಗಿಯೇ ‘ಡ್ರೈವಿಂಗ್’ ಎಂದು ದಾಖಲಿಸುತ್ತಿತ್ತು. ನಿಂತಾಗ ಡ್ಯೂಟಿಯೋ ವಿಶ್ರಾಂತಿಯೋ ಎಂದು ಚಾಲಕ ಗುಂಡಿ ಒತ್ತಬೇಕಿತ್ತು.

ಅಜ್ಜಿಯ ತಿಥಿಗೆ ಮಾವ ಮಧ್ಯಾಹ್ನದೊಳಗೆ ಅಟ್ಲಾಂಟಾ ಹತ್ತಿರದ ಸುವಾನಿಯ ನಮ್ಮ ಮನೆ ಸೇರಬೇಕಿತ್ತು. ಒಬ್ಬನೇ ಮಗ. ಅಮ್ಮ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು, ಭಟ್ಟರು ಬಂದು ಕೂತಿದ್ದರು. ಅಷ್ಟರಲ್ಲಿ ಸೌತ್ ಕೆರೊಲಿನಾದ ಟ್ರಕ್ ಸ್ಟಾಪ್ ಒಂದರಿಂದ ಮಾವನ ಫೋನ್ ಬಂತು. ದಾರಿಯಲ್ಲಿ ಅಪಘಾತವಾಗಿ ಟ್ರಾಫಿಕ್ ಕಟ್ಟಿಕೊಂಡಿತ್ತು. ತೆವಳಿದ ಹೊತ್ತೆಲ್ಲ ಡ್ರೈವಿಂಗ್ ಲೆಕ್ಕಕ್ಕೇ ಸೇರಿ, ಒಮ್ಮೆಗೆ ಇಷ್ಟೇ ಗಂಟೆ ಓಡಿಸಬೇಕೆಂಬ ಕಾನೂನಿನ ಮಿತಿ ಮುಗಿದಿತ್ತು. ಸಂಜೆಯವರೆಗೆ ವಿಶ್ರಾಂತಿ ಪಡೆಯದೆ ಹೊರಡುವಂತಿರಲಿಲ್ಲ.

ಹೈಸ್ಕೂಲಿನ ಡಿಬೇಟ್ ತಂಡದಲ್ಲಿದ್ದ ನಾನು ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡೆ.

“ನೀವು ಆಫ್ ಡ್ಯೂಟಿ ತಾನೆ ಮಾವ? ಟ್ರಕ್ ಅಲ್ಲೇ ಬಿಡಿ, ನಾವು ಬಂದು ಪಿಕಪ್ ಮಾಡ್ತೀವಿ.”

“ಲೋಡ್ ಬಿಟ್ಟು ಕದಲಬೇಡ ಅಂದಿದಾರೆ ಕಂಪನಿಯವರು.”

“ಕಾವಲು ಕೂರೋದು ಡ್ಯೂಟಿ ಅಲ್ವಾ? ಹಾಗಂತ ಒತ್ತಿ.”

“ಒತ್ತಿದ್ರೆ ರೆಸ್ಟೇ ಶುರುವಾಗಲ್ಲ ಕಣೇ ಲಾಯರಮ್ಮ. ನಾಳೆವರೆಗೂ ಇಲ್ಲೇ ಬಿದ್ದಿರ್ತೀನಿ.”

ನನ್ನ ವಾದ ಸರಿಯಿತ್ತು, ಇವತ್ತಿಗೂ ಸರಿ ಅಂತಲೇ ಹೇಳುತ್ತೇನೆ. ಅದರಿಂದ ಟ್ರಕ್ ಮಾತ್ರ ಒಂದಿಂಚೂ ಮುಂದೆ ಬರುವಂತಿರಲಿಲ್ಲ.

“ಅಪರಾಹ್ನ ಮೀರೋ ಮುಂಚೆ ನಾವೇ ಅಲ್ಲಿಗೆ ಹೋಗೋಣ,” ಎಂದು ಭಟ್ಟರು ಎದ್ದರು.

“ಟ್ರಕ್ ನಿಲ್ಲಿಸೋ ಜಾಗದಲ್ಲಿ ತಿಥೀನಾ?” ಎಂದಳು ಅಮ್ಮ.

“ಮಗ ಇರೋ ಕಡೆ ತಾನೆ ಮಾಡಬೇಕಾದ್ದು, ತಾಯಿ?”

ಎಳ್ಳು, ದರ್ಭೆ, ಪಿಂಡದ ಅನ್ನ ಕಾರಿಗೇರಿದವು.

ಟ್ರೇಲರಿನ ಹಿಂದೆ ಒಂದು ಪೈನ್ ಮರವಿತ್ತು. ಮಾವ ಪಂಚೆ ಸುತ್ತಿಕೊಂಡು ಅದರಡಿ ಕೂತರು. ಸಂಕಲ್ಪ ಹೇಳಿಸಲು ಹೊರಟ ಭಟ್ಟರು ತಡೆದು, “ಇಲ್ಲಿ ಹತ್ತಿರ ಯಾವ ನದಿಯಪ್ಪಾ?” ಎಂದರು.

“ಸವಾನಾ.”

ಭಟ್ಟರು ಮಂತ್ರದಲ್ಲಿ ಆ ಹೆಸರನ್ನೇ ಸೇರಿಸಿದರು. ಯಾರೂ ನಗಲಿಲ್ಲ.

ಸತ್ತವರಿಗೆ ನೀರು ಮುಟ್ಟುತ್ತದೆಂದು ನಾನು ನಂಬುವವಳಲ್ಲ. ಆ ದಿನವೂ ನಂಬಿರಲಿಲ್ಲ. ಮಾವನ ಅಂಗೈಗೆ ನೀರು ಹಾಕಿದವಳು ಮಾತ್ರ ನಾನೇ. ಕ್ಯಾಬಿನ್ನಿನೊಳಗೆ ಪೆಟ್ಟಿಗೆ ವಿಶ್ರಾಂತಿ ಎಂದೇ ದಾಖಲಿಸುತ್ತಿತ್ತು. ಎಳ್ಳುನೀರು ಹೆಬ್ಬೆರಳ ಪಕ್ಕದಿಂದ ಇಳಿಯುತ್ತಿದ್ದಾಗ ಬೇರೊಂದು ಟ್ರಕ್ ಬಂದು ಪಕ್ಕದಲ್ಲಿ ನಿಂತಿತು. ಮಾವ ಮಂತ್ರ ನಿಲ್ಲಿಸಿ, ಕತ್ತು ತಿರುಗಿಸಿ, ಟ್ರೇಲರಿನ ಬೀಗ ನೋಡಿದರು. ಆಮೇಲೆ ಅಜ್ಜಿಯ ಹೆಸರು ಹೇಳಿ ಮತ್ತೆ ನನ್ನತ್ತ ಕೈ ಚಾಚಿದರು.